ತಿಳಿ ಗುಲಾಬಿ ಬಣ್ಣ

ಶಿರೂರಿನ ಕುರುಬರ ಮನೆಯ ಕನಕಪ್ಪ ಕಾಲೇಜು ಸೇರಿದ ಹೊಸದರಲ್ಲಿ, ಲ್ಯಾಬಿನಲ್ಲಿ ಪಿಪೆಟ್ಟಿನ ಗಾಜಿನ ನಳಿಕೆಯಿಂದ ಆಸಿಡ್ ಬಾಯಿಗೆ ಎಳೆದುಕೊಂಡು, ಹೆದರಿ ಊರಿಗೆ ಓಡಿಹೋಗಿದ್ದ. ಕೆಮಿಸ್ಟ್ರಿ ಪ್ರೊಫೆಸರ್ ಸಂಗಯ್ಯನವರು ಬಾಗಲಕೋಟೆಯಿಂದ ಸೈಕಲ್ ತುಳಿದು ಕುರಿಹಟ್ಟಿಗೇ ಬಂದರು. "ಹೆದರಿದವನ ಕೈ ಹುಷಾರ್ ಇರತೈತಿ. ನಡೀಲೇ," ಎಂದು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋದರು. ಮುಂದೆ ಬಿ.ಎಸ್ಸಿ. ಮುಗಿಸುವ ತನಕ ಅವರ ಮನೆಯಲ್ಲೇ ಅವನ ಓದು, ಊಟ; ಧಾರವಾಡದ ಎಂ.ಎಸ್ಸಿ.ಗೂ ಅವರದೇ ಖರ್ಚು.

ಎಂಬತ್ತೆರಡನೇ ಇಸವಿಯಲ್ಲಿ ಕನಕಪ್ಪ ಇಳಕಲ್ಲಿನಲ್ಲಿ ಲೆಕ್ಚರರ್. ಆ ವರ್ಷ ಪ್ರಾಕ್ಟಿಕಲ್ ಪರೀಕ್ಷಕನಾಗಿ ಹಳೇ ಕಾಲೇಜಿಗೆ ಹೊರಟಾಗ ಹೊಸ ಸಫಾರಿ ಹೊಲಿಸಿಕೊಂಡ. ಲ್ಯಾಬಿನಲ್ಲಿ ಸಂಗಯ್ಯನವರು ಜುಲೇಖಾ ಎಂಬ ವಿದ್ಯಾರ್ಥಿನಿಯ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ಇನ್ನೂ ಬಣ್ಣ ಬಂದಿಲ್ಲ ತಂಗಿ, ಇನ್ನೊಂಚೂರು ಹಾಕು," ಎನ್ನುತ್ತಿದ್ದರು. ಫ್ಲಾಸ್ಕಿನಲ್ಲಿ ಬರಬೇಕಾದ ತಿಳಿ ಗುಲಾಬಿ ಆಗಲೇ ಚೆಂದಾಗಿ ಮೂಡಿತ್ತು; ಇನ್ನೊಂದು ಹನಿ ಬಿದ್ದರೂ ಲೆಕ್ಕ ಕೆಟ್ಟು ಮಾರ್ಕ್ಸ್ ಹೋಗುತ್ತಿತ್ತು. ಹುಡುಗಿಯ ಕಣ್ಣಲ್ಲಿ ನೀರು.

"ಸರ್, ಕುರುಡರಿಗೂ ಕಾಣೂವಂಗ ಐತಿ. ನಿಮಗ ಕಾಣವಲ್ದೇನ್ರಿ?" ಎಂದುಬಿಟ್ಟ ಕನಕಪ್ಪ. ಹುಡುಗರು ಗೊಳ್ಳೆಂದು ನಕ್ಕರು. ಆ ನಗು ಅವನಿಗೆ ಒಂದು ಗಳಿಗೆ ಹಿತವಾಗಿತ್ತು.

ಸಂಗಯ್ಯನವರು ಚಷ್ಮಾ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. "ಖರೆ ಐತಿ. ಹುಡುಗಿದು ಬರೋಬ್ಬರಿ. ಪೂರಾ ಮಾರ್ಕ್ಸ್ ಹಾಕ್ರಿ," ಎಂದರು. ಅವರು ಅವನಿಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು.

ಹೊರಗೆ ಜುಲೇಖಾ ಕಾದಿದ್ದಳು. "ನನ್ನ ಮಾರ್ಕ್ಸ್ ಉಳಿಸಿದ್ರಿ, ಸರ್. ಆದ್ರ ಅವರಿಗೆ ಹಂಗ ಅನಬಾರದಿತ್ರಿ," ಎಂದವಳೇ ನಿಲ್ಲದೆ ಹೋದಳು.

ಸಂಜೆ ಕನಕಪ್ಪ ಕಾಲು ಹಿಡಿಯಬೇಕೆಂದೇ ಅವರ ಮನೆಗೆ ಹೋದ. ಬಾಗಿಲು ತೆಗೆದ ಸಂಗಯ್ಯನವರ ಹೆಂಡತಿ ಗುರುಲಿಂಗವ್ವನವರ ಮುಖ ಅರಳಿತು. "ಬಾ ಕನಕಾ! 'ನನ್ನ ತಪ್ಪು ಹಿಡಿಯೂವಂಥಾ ಹುಡುಗನ್ನ ತಯಾರ ಮಾಡೇನಿ' ಅಂತ ಮಧ್ಯಾಹ್ನದಿಂದ ಹೇಳಾಕತ್ತಾರ. ಅವರ ಕಣ್ಣಾಗ ಪೊರಿ ಬಂದೈತಿ. ಈ ಸಲ ನೀನಽ ಪರೀಕ್ಷಾಕ್ಕ ಬರಬೇಕಂತ ಅವರಽ ಧಾರವಾಡದ ಯುನಿವರ್ಸಿಟಿಗೆ ಹೋಗಿ ಕೇಳಿಕೊಂಡು ಬಂದ್ರು. 'ನನಗ ಕಾಣದಿದ್ರೂ ಅವಗ ಕಾಣತೈತಿ' ಅಂತ."

ಕನಕಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವನ ಕುರುಡರ ಮಾತನ್ನಾಗಲಿ, ಹುಡುಗರು ನಕ್ಕಿದ್ದನ್ನಾಗಲಿ ಅವರು ಹೆಂಡತಿಗೆ ಹೇಳಿಯೇ ಇರಲಿಲ್ಲ. ಗುರುಲಿಂಗವ್ವನವರು ಅವನನ್ನು ಊಟಕ್ಕೆ ಕೂರಿಸಿದಾಗ ಸಂಗಯ್ಯನವರು ಪಕ್ಕದಲ್ಲೇ ಕೂತು ರೊಟ್ಟಿ ಮುರಿಯುತ್ತಿದ್ದರು. "ಸರ್, ನಾ ಮುಂಜಾನೆ..." ಎಂದು ಬಾಯಿ ತೆರೆದ.

"ಉಣ್ಣು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ 'ಲೇ' ಕೂಡ ಇರಲಿಲ್ಲ.

ಮರುವಾರ ಹುಬ್ಬಳ್ಳಿಯ ದವಾಖಾನೆಗೆ ಅವರ ಕೈ ಹಿಡಿದು ಕರೆದೊಯ್ದವನು ಕನಕಪ್ಪನೇ. ಆಪರೇಷನ್ ಆಗಿ ಪಟ್ಟಿ ಬಿಚ್ಚುವ ಹೊತ್ತಿಗೆ ಮಾತ್ರ ಆ ಕಣ್ಣುಗಳ ಎದುರಿಗೆ ನಿಲ್ಲಲಾರದೆ, ವರಾಂಡದ ಗೋಡೆಗೆ ಮುಖ ಮಾಡಿ ನಿಂತಿದ್ದ.