ನಡುವಿನ ದನಿ

ಮತ್ತೆ ಅದೇ ಕಿರ್ರ್ — ಅಣ್ಣ ಪಿಯಾನೊದ ಪೆಡಲ್ ಒತ್ತಿದಾಗಲೆಲ್ಲ ಆ ಸದ್ದು, ಎಣ್ಣೆ ಬಿಡು ಎಣ್ಣೆ ಬಿಡು ಎಂದು ಹೇಳಿ ಅವಳ ಬಾಯಿ ಸವೆದಿದೆ, ಬಿಡೋಣ ಬಿಡು ಅನ್ನುತ್ತಲೇ ವರ್ಷ ಕಳೆದ, ಈಗ ಅದೇ ಪಿಯಾನೊವನ್ನು ಬೆಳಿಗ್ಗೆ ಅವನ ಮನೆಯಿಂದ ಹೊತ್ತು ತಂದ ಗ್ರಂಥಾಲಯದ ಮೇಲಂತಸ್ತಿನ ಈ ಹಾಲಿನಲ್ಲಿ, ನಾಲ್ಕು ಗಂಟೆಯ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿರುವಾಗ, ಅರವತ್ತು ಕುರ್ಚಿಗಳಿಗೆ ಪ್ರೇಮಕ್ಕಿಂತ ಮೊದಲು ಕೇಳುವುದು ಆ ಕಿರ್ರ್. ನೂರೈವತ್ತು ವರ್ಷ ಹಳೆಯ ಪ್ರೇಮಗೀತೆಗಳು, ಯಾರೋ ಯಾರಿಗೋ ಹಂಬಲಿಸಿ ಬರೆದದ್ದು, ಹಾಡುವವರು ನಾಲ್ವರು — ಎಡಕ್ಕೆ ಹಲ್ಲಿನ ಡಾಕ್ಟರಮ್ಮ, ಮೇಲಿನ ದನಿ, ರಾಗವೆಲ್ಲ ಅವರದೇ, ಚಪ್ಪಾಳೆಯೂ ಅವರದೇ, ಬಲಕ್ಕೆ ಕಣ್ಣು ಮುಚ್ಚಿ ಕತ್ತು ಚಾಚುವ ಹೆಡ್‌ಮಾಸ್ಟರು, ತುದಿಗೆ ಮೆಡಿಕಲ್ ಶಾಪಿನವರು, ತಳದ ದನಿ, ಗುಡುಗಪ್ಪ ಎಂದೇ ಹೆಸರು, ಇವರ ನಡುವೆ ಅವಳು, ಹೆಂಗಸರ ತಗ್ಗಿನ ದನಿ, ಹತ್ತೊಂಬತ್ತು ವರ್ಷದಿಂದ ಎಲ್ಲರ ಸಂದಿಯಲ್ಲಿ ಹಾಡಿದವಳು, ಚೆನ್ನಾಗಿ ಹಾಡಿದಷ್ಟೂ ಯಾರಿಗೂ ಕೇಳದವಳು — ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ, ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ಎಂಬತ್ತು ಸಲ ರೋಗಿಗಳಿಗೆ ಹೇಳುವ ಮಾತು, ಈಗ ತನಗೆ ತಾನೇ ಹೇಳಿಕೊಳ್ಳುತ್ತಾಳೆ, ಉಸಿರು ಎದೆಯ ಅರ್ಧಕ್ಕೇ ಬಂದು ನಿಲ್ಲುತ್ತದೆ, ನಿನ್ನೆಯಿಂದ ಹೀಗೆ.

ನಿನ್ನೆ ಕನ್ನಡಕ ಮರೆಯಬಾರದಿತ್ತು. ಅಣ್ಣನ ಮನೆಯಲ್ಲಿ ಅಭ್ಯಾಸ ಮುಗಿದದ್ದೇ, ನಿಂಗೆ ಬಸ್ ತಪ್ಪುತ್ತೆ, ನೀನು ಹೊರಡು, ನಾವಿನ್ನೂ ಸ್ವಲ್ಪ ಕುರ್ಚಿಗಿರ್ಚಿ ವಿಷಯ ಮಾತಾಡೋದಿದೆ ಅಂದಿದ್ದ, ಅವಳು ಸ್ಟಾಪಿನವರೆಗೆ ಹೋಗಿ, ಕನ್ನಡಕ ಪಿಯಾನೊ ಮೇಲೇ ಉಳಿಯಿತೆಂದು ಹಿಂದಿರುಗಿ, ಮೆಟ್ಟಿಲ ಮೇಲೆ ಕಾಲಿಡುತ್ತಾಳೆ, ಬಾಗಿಲಾಚೆ ಅವಳ ಹಾಡು. ಕೊನೆಯ ಗೀತೆಯಲ್ಲಿ ಅವಳೊಬ್ಬಳಿಗೇ ಎಂದು ನಾಲ್ಕು ಸಾಲು ಇವೆ, ಇಡೀ ಕಾರ್ಯಕ್ರಮದಲ್ಲಿ ಅವಳ ಪಾಲಿಗೆ ಇರುವುದೇ ಅಷ್ಟು, ಅದನ್ನು ಯಾರೋ ಹಾಡುತ್ತಿದ್ದಾರೆ, ಎಳೆಯ ದನಿ, ನಾಲ್ಕೂ ಸಾಲು ಒಂದೇ ಉಸಿರಿಗೆ, ಅವಳಿಗೆ ಎರಡು ವರ್ಷದಿಂದ ಎರಡು ಉಸಿರು ಬೇಕು. ಆಮೇಲೆ ಅಣ್ಣ, ಮುಂದಿನ ತಿಂಗಳಿಂದ ಬಾಮ್ಮ, ಇದೊಂದು ಮುಗೀಲಿ. ಗುಡುಗಪ್ಪ, ಅವರಿಗೆ ಹೇಳೋದು ಯಾರು. ಡಾಕ್ಟರಮ್ಮ, ನಿಮ್ಮ ತಂಗಿ ತಾನೆ, ನೀವೇ ಹೇಳಿ. ಅಣ್ಣ, ಹೇಳಿದ್ರಾಯ್ತು. ಹೇಳಿದ್ರಾಯ್ತು, ಪೆಡಲಿಗೆ ಎಣ್ಣೆ ಬಿಡೋಣ ಅಂದ ಹಾಗೆ. ಬಾಗಿಲು ತಳ್ಳಿ ಒಳಗೆ ನುಗ್ಗಬೇಕಿತ್ತು, ನುಗ್ಗಲಿಲ್ಲ, ಕಳ್ಳಿಯ ಹಾಗೆ ಕಾಲು ಸಪ್ಪಳವಾಗದಂತೆ ಇಳಿದು ಹೋದಳು, ಯಾರದೋ ತಪ್ಪಿಗೆ ನಾಚಿಕೆಪಟ್ಟದ್ದು ಅವಳು. ಇವತ್ತು ಇಲ್ಲಿ ಅಣ್ಣ ಜೇಬಿನಿಂದ ಕನ್ನಡಕ ತೆಗೆದು ಕೊಟ್ಟ, ಮರ್ತು ಹೋಗಿದ್ಯಲ್ಲೇ, ಗಾಜು ಒರೆಸಿಯೇ ಕೊಟ್ಟ, ಕೊಟ್ಟು ಕುರ್ಚಿ ಎಣಿಸಲು ಹೋದ, ಅವಳು ಕನ್ನಡಕ ಹಾಕಿಕೊಂಡಳು. ಪಿಯಾನೊ ಕೊಳ್ಳುವ ಯೋಗ್ಯತೆ ಇಲ್ಲದ ಕಾಲದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಸೀಮೆಸುಣ್ಣದಿಂದ ಕಪ್ಪು ಬಿಳಿ ಮನೆ ಬರೆದು, ಅವನು ಬೆರಳಿಟ್ಟ ಕಡೆ ಅವಳು ಸ್ವರ ಹಾಡಬೇಕು, ಆರು ವರ್ಷದವಳು, ನೀನೇ ಕಣೇ ನನ್ನ ಪಿಯಾನೊ ಅಂದವನು ಇವನೇ —

ಕೊನೆಯ ಗೀತೆ. ಮೂವರೂ ಸುಮ್ಮನಾದರು, ಅವಳ ಸರದಿ, ಬಿಸಿಲಿಗೆ ಕಣ್ಣು ಕಿರಿದಾಗಿ ನೋಡಿದರೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕತ್ತರಿಸಿದ ಕೂದಲಿನ ಒಬ್ಬ ಹುಡುಗಿ, ಕೈಯಲ್ಲಿ ಪುಸ್ತಕವಿಲ್ಲ, ತುಟಿ ಅಲುಗುತ್ತಿದೆ, ಇದುವರೆಗೆ ಡಾಕ್ಟರಮ್ಮನ ಜೊತೆಗಲ್ಲ, ರಾಗದ ಜೊತೆಗಲ್ಲ, ತನ್ನ ಈ ತಗ್ಗಿನ ದನಿಯ ಜೊತೆಗೇ ಅಲುಗುತ್ತಿತ್ತು ಎಂದು ಈಗ ಹೊಳೆಯುತ್ತದೆ, ಈ ದನಿಯ ದಾರಿ ಇನ್ಯಾರಿಗೆ ಗೊತ್ತು, ನಿನ್ನೆಯವಳು ಇವಳೇ, ಕರೆದು ಕೂರಿಸಿದ್ದಾರೆ. ಎಲ್ಲಿಂದಲೋ ಉಸಿರು ಬಂತು, ಹೊಟ್ಟೆಯ ತಳದಿಂದ, ಸಿಟ್ಟಿನ ಉಸಿರು, ಮೊದಲ ಸಾಲು, ಎರಡನೆಯದು, ಇಲ್ಲಿ ಅವಳು ನಿಲ್ಲಬೇಕು, ನಿಲ್ಲಲಿಲ್ಲ, ಹೋದಳು, ಮೂರನೆಯದು, ನಾಲ್ಕನೆಯದು, ಒಂದೇ ಉಸಿರು, ಎರಡು ವರ್ಷದ ಮೇಲೆ ಒಂದೇ ಉಸಿರು, ನೋಡು ಅಣ್ಣ ಎಂದು ತಿರುಗಿದರೆ — ಅವಳು ಉಸಿರಾಡಲೆಂದು ಅವನು ಎಂದಿನಂತೆ ಬೆರಳು ತಡೆದಿದ್ದ, ಅವಳು ಮುಂದೆ ಹೋಗಿಬಿಟ್ಟಿದ್ದಳು, ಅವನ ಕೈ ತಡವರಿಸಿತು, ಎರಡು ಸ್ವರ ನುಂಗಿ ಓಡಿ ಬಂದು ಸೇರಿಕೊಂಡ, ಹುಬ್ಬು ಗಂಟಿಕ್ಕಿ ಅವಳನ್ನು ನೋಡಿದ, ತಾಳ ತಪ್ಪಿದವಳನ್ನು ನೋಡುವ ಹಾಗೆ. ಅಷ್ಟೇ. ಗೆದ್ದದ್ದೂ ಅವನ ಕಿವಿಗೆ ತಪ್ಪಾಗಿ ಬಿತ್ತು. ನಾಲ್ವರೂ ಕೂಡಿ ಹಾಡುವ ಕೊನೆಯ ಭಾಗ ಶುರುವಾಯಿತು, ಅವಳು ಬಾಯಿ ಮುಚ್ಚಿದಳು. ನೋಡೋಣ. ಡಾಕ್ಟರಮ್ಮ ತೇಲಿ ಹೋಗುತ್ತಿದ್ದಾರೆ, ಹೆಡ್‌ಮಾಸ್ಟರರ ಕಣ್ಣು ಮುಚ್ಚಿಯೇ ಇದೆ, ಗುಡುಗಪ್ಪ ಗುಡುಗುತ್ತಿದ್ದಾರೆ, ಅಣ್ಣ ತಲೆ ಎತ್ತಲಿಲ್ಲ, ಅರವತ್ತು ಮುಖಗಳೂ ಮೊದಲಿನಂತೆಯೇ ಹಿತವಾಗಿ ಕೂತಿವೆ, ಅವಳು ಹಾಡುತ್ತಿಲ್ಲ, ಯಾರಿಗೂ ಏನೂ ಕಡಿಮೆಯಾಗಿಲ್ಲ — ಕಿಟಕಿ ಪಕ್ಕದ ಆ ತುಟಿ ಮಾತ್ರ ನಿಂತಿತು, ಹುಡುಗಿ ಅವಳ ಮುಚ್ಚಿದ ಬಾಯಿಯನ್ನೇ ನೋಡಿದಳು, ಗಾಬರಿಯಿಂದ, ಆಮೇಲೆ ತುಟಿ ಮತ್ತೆ ಅಲುಗಿತು, ಸದ್ದಿಲ್ಲದೆ, ಒಂದು ಅಕ್ಷರವೂ ತಪ್ಪದೆ, ಅವಳು ಬಿಟ್ಟ ಕಡೆಯಿಂದಲೇ, ಆ ತುಟಿ, ಬಿಸಿಲಿನಲ್ಲಿ, ಆ ತುಟಿ