ಹಿಂದಿನ ಸೀಟಿನಡಿಯ ಪೆಟ್ಟಿಗೆ

ರೋಂಡಾ ಶೆಡ್ಡಿನೊಳಗೆ ಬಂದಾಗ ಹಾರ್ಲನ್ ಟ್ರಕ್ಕಿನ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿಕೊಂಡು ವೈರಿಗೆ ಟೇಪು ಸುತ್ತುತ್ತಿದ್ದ. ಹೊರಗೆ ಚಾಚಿದ್ದ ಅವನ ಕಾಲುಗಳ ಪಕ್ಕದಲ್ಲಿ ತಂಗಿಯ ಬೂಟು ಕಂಡಿತು.

"ಊಟ ತಂದ್ಯಾ?" ಎಂದ.

ಜಾರಿಕೊಂಡು ಹೊರಬಂದು ನೋಡಿದ. ಅವಳ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ತುಟಿ ಒಡೆದು ಗದ್ದದವರೆಗೆ ರಕ್ತ ಒಣಗಿತ್ತು.

"ಈ ಸಲ ಏನು ಹೇಳ್ತೀಯ? ಬಾಗ್ಲು ತಾಗ್ತು ಅಂತಲೋ, ಮೆಟ್ಲು ಜಾರ್ದೆ ಅಂತಲೋ?"

"ಸುಮ್ನಿರು ಹಾರ್ಲನ್. ಬಿಟ್ಟು ಹೋಗ್ತೀನಿ ಅಂದೆ. ಕೊಂದ್ಬಿಡ್ತೀನಿ ಅಂದ. ಯಾವಾಗ್ಲೂ ಕೂಗಾಡ್ತಾನಲ್ಲ, ಇವತ್ತು ಮೆಲ್ಲಗೆ ಹೇಳ್ದ. ನಂಗೆ ಅದೇ ಭಯ ಆಗಿದ್ದು."

ಹಾರ್ಲನ್ ಟೇಪಿನ ಸುರುಳಿಯನ್ನು ಮೇಜಿನ ಮೇಲೆ ಎಸೆದ. ಥೂ, ಇಂಥವನ ಟ್ರಕ್ಕಿಗೆ ಬೆವರು ಸುರಿಸುತ್ತಿದ್ದೇನಲ್ಲ ಎಂದುಕೊಂಡ. ಟ್ರಕ್ಕು ಅವಳ ಗಂಡ ಡ್ವೇನನದು. ಅದನ್ನಿಲ್ಲಿ ಬಿಟ್ಟು ಹೋಗುವಾಗಲೇ ಅಪ್ಪಣೆ ಕೊಡಿಸಿದ್ದ. "ರೇಡಿಯೋ ಮುಟ್ಟಿದ್ರೆ ಹುಟ್ಟಿಲ್ಲ ಅನ್ನಿಸ್ಬಿಡ್ತೀನಿ. ಕಾರ್ಖಾನೆಯಿಂದ ಬಂದಿದ್ದು ಹಾಗೇ ಇರ್ಬೇಕು. ಆದ್ರೆ ಸದ್ದಿಗೆ ಪಕ್ಕದ ಗಾಡಿಯವನ ಹಲ್ಲು ಅಲ್ಲಾಡ್ಬೇಕು."

ಆ ಮಾತಿಗೆ ಕಾರಣವಿತ್ತು. ಟ್ರೇಲರ್ ಜೋಡಿಸುವಾಗ ಹಿಂದೆ ತೋರಿಸುವ ಕ್ಯಾಮೆರಾ, ಬಾಗಿಲು ತೆರೆದಿದ್ದರೆ ಬಾರಿಸುವ ಗಂಟೆ, ಎಲ್ಲವೂ ಆ ರೇಡಿಯೋದ ಮೂಲಕವೇ. ಹಾರ್ಲನ್ ಅದರ ಮುಖ ಮುಟ್ಟದೆ ಬೆನ್ನಿನ ವೈರಿನಿಂದ ಸದ್ದು ಕದ್ದು ಆಂಪ್ಲಿಫೈಯರಿಗೆ ಕೊಟ್ಟಿದ್ದ. ಬಾಗಿಲುಗಳಿಗೆ ಹೊಸ ಸ್ಪೀಕರು, ಹಿಂದಿನ ಸೀಟಿನಡಿ ಗುಡುಗುವ ದೊಡ್ಡ ಪೆಟ್ಟಿಗೆ, ನಟ್ಟು ಬಿಗಿದು ಕೂರಿಸಿದ್ದಾಗಿತ್ತು. ಗಂಟೆಯ ಸದ್ದೂ ಈಗ ಹೊಸ ಸ್ಪೀಕರಿನಿಂದಲೇ ಬರುವುದರಿಂದ ಅದನ್ನು ತಗ್ಗಿಸುವುದೊಂದೇ ಬಾಕಿ. ಅಲ್ಲಿಯವರೆಗೆ ಕಿವಿ ಉಳಿಯಲೆಂದು ತಾನು ಕೆಲಸ ಮಾಡುವ ಮುಂದಿನ ಬಾಗಿಲಿನ ಸ್ವಿಚ್ಚಿಗೆ ಟೇಪು ಹಚ್ಚಿದ್ದ.

ಎಣ್ಣೆಬಾವಿಗಳ ಊರಾದ ಒಡೆಸ್ಸಾದ ಸುತ್ತಮುತ್ತ ಹಿಂದಿನ ಸೀಟಿನಡಿ ಬಂದೂಕೋ ಪಿಸ್ತೂಲೋ ಇಲ್ಲದ ಟ್ರಕ್ಕು ಹುಡುಕಿದರೂ ಸಿಗದು. ಗಾಡಿ ಬಿಡುವಾಗ ಬಂದೂಕು ತೆಗೆದುಕೊಂಡು ಹೋಗಿ ಎಂದು ಶೆಡ್ಡಿನ ಗೋಡೆಯ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆಸಿದ್ದರೂ ಒಬ್ಬನಾದರೂ ಓದಬೇಕಲ್ಲ! ಸೀಟಿನಡಿ ಪೆಟ್ಟಿಗೆ ಕೂರಿಸು ಎನ್ನುವವರೂ ಅವರೇ, ಅಲ್ಲೇನು ಇಟ್ಟಿದ್ದೇವೆಂದು ಮರೆಯುವವರೂ ಅವರೇ. ಡ್ವೇನನ ಪಿಸ್ತೂಲನ್ನು ಹಾರ್ಲನ್ ತೆಗೆದು ಸ್ಕ್ರೂಗಳ ಡ್ರಾಯರಿನಲ್ಲಿ ಹಾಕಿಟ್ಟಿದ್ದ. ಎಲ್ಲರಿಗೂ ಕೊಡುವ ಹಾಗೆ ಕೀ ಜೊತೆ ವಾಪಸು ಕೊಡುವುದೆಂದುಕೊಂಡಿದ್ದ.

"ನನ್ನ ಗಾಡಿ ತಗೊಂಡು ಹೋಗ್ಬಿಡು. ಚಿಕ್ಕಮ್ಮನ ಮನೇಲಿರು," ಎಂದು ಹಾರ್ಲನ್ ತಂಗಿಗೆ ಹೇಳುತ್ತಿದ್ದಂತೆ ಹೊರಗೆ ಜಲ್ಲಿಕಲ್ಲು ಕರಕರ ಎಂದಿತು. ಯಾರದೋ ಗಾಡಿ ಡ್ವೇನನನ್ನು ಇಳಿಸಿ ಹೋಯಿತು.

"ಏನ್ ಭಾವ, ಮುಗೀತಾ ನನ್ನ ಗಾಡಿ?" ನಗುತ್ತಲೇ ಒಳಗೆ ಬಂದ. ಮೈಯೆಲ್ಲ ಕಚ್ಚಾ ಎಣ್ಣೆಯ ವಾಸನೆ. "ಇವಳೂ ಇಲ್ಲೇ ಇದಾಳಲ್ಲ, ಒಳ್ಳೇದೇ ಆಯ್ತು. ನಡೀ ಮನೆಗೆ."

"ಬರಲ್ಲ," ಎಂದಳು ರೋಂಡಾ.

ಅವನು ಅವಳ ಕೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಸ್ಕ್ರೂಗಳು ಚೆಲ್ಲಾಪಿಲ್ಲಿಯಾದವು. ಹಾರ್ಲನ್ ಸ್ಪ್ಯಾನರು ಎತ್ತಿ ಬೀಸಿದ. ಅದು ಡ್ವೇನನ ಭುಜಕ್ಕೆ ಬಿತ್ತು. ಡ್ವೇನ್ ತಿರುಗಿ ಒಂದು ಗುದ್ದು ಕೊಟ್ಟ. ಹಾರ್ಲನ್ ಬಿದ್ದ. ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದ, ಮತ್ತೆ ಒದ್ದ. ಹಾರ್ಲನ್ ಆ ಕಾಲನ್ನೇ ತಬ್ಬಿ ಹಲ್ಲೂರಿ ಕಚ್ಚಿದ. ಡ್ವೇನ್ ಕಿರುಚಿ, ಕೊಸರಿಕೊಂಡು, ಟ್ರಕ್ಕಿನತ್ತ ಕುಂಟುತ್ತ ಓಡಿದ.

"ಇಬ್ರನ್ನೂ ಮುಗಿಸ್ತೀನಿ ನಿಂತ್ಕೊಳ್ರೋ!"

ಹಿಂದಿನ ಬಾಗಿಲು ಎಳೆದ. ಸ್ಟಿಯರಿಂಗಿನ ಪಕ್ಕ ಕೀ ಸಿಕ್ಕಿಸಿಯೇ ಇತ್ತು. ಬಾಗಿಲಿನ ಗಂಟೆ ಹೊಸ ಸ್ಪೀಕರುಗಳಲ್ಲಿ ತಗಡಿನ ಸೂರು ಅದುರುವ ಹಾಗೆ ಬಾರಿಸತೊಡಗಿತು. ಟಣ್. ಟಣ್. ಟಣ್. ಡ್ವೇನ್ ಸೀಟು ಎತ್ತಿ ಕೈ ತೂರಿಸಿದ. ವರ್ಷಾನುಗಟ್ಟಲೆ ಕೈಗೆ ಅಭ್ಯಾಸವಾಗಿದ್ದ ಜಾಗದಲ್ಲಿ ಮರದ ಪೆಟ್ಟಿಗೆ ಸಿಕ್ಕಿತು. ತಡಕಾಡಿದ. ಗುದ್ದಿದ. ಏನೆಂದು ಅರ್ಥವಾಗದೆ, ಎಡಗೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಹಿಂದಕ್ಕೆ ತಿರುಗಿದ.

"ಎಲ್ಲಿಟ್ಟಿದೀಯೋ ಅದ..."

ಹಾರ್ಲನ್ ಮೈಯ ಭಾರವನ್ನೆಲ್ಲ ಬಿಟ್ಟು ಬಾಗಿಲು ತಳ್ಳಿದ. ಬೆರಳುಗಳು ಮುರಿದದ್ದು ಗಂಟೆಯ ಸದ್ದಿನಲ್ಲೂ ಕೇಳಿಸಿತು. ಮತ್ತೆ ತೆರೆದು ಮತ್ತೆ ತಳ್ಳಿದ, ಈ ಸಲ ಮೊಣಕೈಗೆ. ಮತ್ತೆ. ಅಯ್ಯೋ ಎನಿಸುವುದಿರಲಿ, ಅವನಿಗೆ ಸುಖವಾಗುತ್ತಿತ್ತು. ಇಷ್ಟು ದಿನ ಯಾಕೆ ತಡೆದುಕೊಂಡಿದ್ದೆ ಎನಿಸುತ್ತಿತ್ತು.

"ಸಾಕು ನಿಲ್ಸೋ!" ರೋಂಡಾ ಅವನ ಅಂಗಿ ಹಿಡಿದು ಎಳೆದಳು. ಅವಳ ಮೂಗಿನಿಂದ ರಕ್ತ ಸುರಿಯುತ್ತಿತ್ತು.

ಡ್ವೇನ್ ಚಕ್ರಕ್ಕೆ ಒರಗಿ ಕುಸಿದಿದ್ದ. ತೋಳು ಬಾಗಬಾರದ ಕಡೆಗೆ ಬಾಗಿತ್ತು. "ರೋಂಡಾ... ಆಸ್ಪತ್ರೆ... ನಮ್ಮಮ್ಮ ಅಲ್ವಾ ನೀನು..." ಎಂದು ಮಗುವಿನ ಹಾಗೆ ಅಳುತ್ತಿದ್ದ.

ಅವಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ, ಮುಂದಿನ ಸೀಟಿಗೆ ಹತ್ತಿಸಿ, ಬೆಲ್ಟು ಹಾಕಿದಳು. ಬಾಗಿಲುಗಳನ್ನು ಮುಚ್ಚಿದ ಮೇಲೆ ಗಂಟೆ ನಿಂತಿತು.

"ತಲೆಗಿಲೆ ಕೆಟ್ಟಿದೆಯೇನೇ ನಿಂಗೆ?" ಹಾರ್ಲನ್‌ಗೆ ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. "ಮತ್ತೆ ಅವನ ಸೇವೆಗೇ ಹೋಗ್ತೀಯಲ್ಲ! ಪೊಲೀಸಿಗೆ ಫೋನ್ ಮಾಡ್ತೀನಿ ನಾನು."

"ಮಾಡು. ಆಸ್ಪತ್ರೆಗೆ ಬರಕ್ಕೆ ಹೇಳು. ಅವನ ಪಿಸ್ತೂಲೆಲ್ಲಿ?"

"ಸತ್ರೂ ಅವನ ಕೈಗೆ ಕೊಡಲ್ಲ."

"ಕೇಳ್ತಿರೋದು ನಾನು."

ಅವನ ಕಣ್ಣು ತನ್ನಷ್ಟಕ್ಕೆ ಡ್ರಾಯರಿನತ್ತ ಹೋಯಿತು. ಅವಳು ಎಳೆದು ತೆಗೆದಳು. ಅಪ್ಪ ಕಲಿಸಿಕೊಟ್ಟಂತೆ ನಳಿಕೆ ನೆಲಕ್ಕೆ ಮಾಡಿ, ಗುಂಡಿದೆಯೇ ಎಂದು ನೋಡಿ, ತನ್ನ ಕೈಚೀಲದಲ್ಲಿ ಹಾಕಿ ಜಿಪ್ಪು ಎಳೆದಳು. ಹಾರ್ಲನ್ ಏನೋ ಹೇಳಹೋದ. ಅವಳ ಒಂದೇ ಕಣ್ಣು ಅವನನ್ನು ನೋಡಿತು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಮದುವೆಯಾದಾಗಿನಿಂದ ಡ್ವೇನ್ ಅವಳಿಗೆ ಆ ಟ್ರಕ್ಕು ಓಡಿಸಲು ಕೊಟ್ಟವನಲ್ಲ. ಸ್ಟಿಯರಿಂಗಿನ ಹಿಂದೆ ಕೂತಾಗ ಅವಳ ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟಿನ ಪಕ್ಕದ ಗುಂಡಿ ಒತ್ತಿ ಹಿಡಿದಳು. ಸೀಟು ಗುಂಯ್ ಎನ್ನುತ್ತ ನಿಧಾನವಾಗಿ ಮುಂದಕ್ಕೆ ಬಂತು. ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಡ್ವೇನ್ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ.

ಹಾರ್ಲನ್ ಫೋನು ಕಿವಿಗಿಟ್ಟುಕೊಂಡು ಶೆಡ್ಡಿನ ಬಾಗಿಲವರೆಗೆ ಬಂದ. ಟ್ರಕ್ಕು ಗೇಟಿನಲ್ಲಿ ನಿಂತಿತ್ತು. ಬಲಕ್ಕೆ ಹೋದರೆ ಆಸ್ಪತ್ರೆ. ಎಡಕ್ಕೆ ಎಣ್ಣೆಬಾವಿಗಳನ್ನು ಬಿಟ್ಟರೆ ನರಪಿಳ್ಳೆ ಇಲ್ಲ. ರಸ್ತೆಯಲ್ಲಿ ಒಂದು ಟ್ಯಾಂಕರು ಹಾದುಹೋಗುವವರೆಗೆ ಅವಳು ಕಾದಳು. ಆಮೇಲೆ ಎಡಗಡೆಯ ದೀಪ ಮಿನುಗಿತು.

"ಹಲೋ, ಏನಾಗಿದೆ ಹೇಳಿ," ಎಂದಳು ಫೋನಿನೊಳಗಿನ ಹೆಂಗಸು. "ಹಲೋ ಸಾರ್, ಕೇಳಿಸ್ತಿದೆಯಾ? ಯಾರಿಗಾದ್ರೂ ಏನಾದ್ರೂ ಆಗಿದೆಯಾ?"

ಟ್ರಕ್ಕು ತಿರುಗಿದ ಕಡೆ ಕೆಂಧೂಳು ಎದ್ದು, ಗಾಳಿಗೆ ಬೇಲಿಯತ್ತ ಸರಿಯುತ್ತಿತ್ತು.