ಎಷ್ಟು ಕೇಜಿ

ಮೂರನೆಯ ಸಲ ಬಗ್ಗಿ ಎತ್ತಿದರೂ ಪೆಟ್ಟಿಗೆ ನೆಲ ಬಿಡಲಿಲ್ಲ. ನಾಲ್ವರೂ ಕೈಬಿಟ್ಟು ನೆಟ್ಟಗಾದರು. ಎದುರುಮನೆಯ ದರ್ಜಿ ತನ್ನ ಅಂಗೈ ನೋಡಿಕೊಂಡ. ಹಿಡಿಕೆಯ ಹಗ್ಗ ಒತ್ತಿದ್ದಲ್ಲಿ ಕೆಂಪು ಬರೆ ಎದ್ದಿತ್ತು.

"ಮರ ಹಸಿ ಇರ್ಬೇಕು," ಎಂದ.

"ಹಸಿ ಮರದಲ್ಲಿ ಪೆಟ್ಟಿಗೆ ಮಾಡೋಕೆ ನನಗೇನು ತಲೆ ಕೆಟ್ಟಿದ್ಯಾ?" ಎಂದು ಬಡಗಿ ತಿರುಗಿಬಿದ್ದ. ಬೆಳಿಗ್ಗೆ ಖಾಲಿ ಪೆಟ್ಟಿಗೆಯನ್ನು ತಾನೊಬ್ಬನೇ ಹೆಗಲ ಮೇಲೆ ಹೊತ್ತು ತಂದದ್ದನ್ನು ಬೀದಿಯೆಲ್ಲ ನೋಡಿದೆ ಎಂದು ಗೊಣಗಿದ.

ಅದು ನಿಜವೇ. ಪೆಟ್ಟಿಗೆಯೊಳಗೆ ಮಲಗಿದ್ದ ಟೀಚರ್ ಕೂಡ ಭಾರದ ಹೆಂಗಸಲ್ಲ, ಕಡ್ಡಿಯಂಥ ಮೈ. ಜೋರು ಗಾಳಿಯ ದಿನ ಅವರು ಛತ್ರಿ ಬಿಚ್ಚಿದರೆ ಛತ್ರಿಯ ಜೊತೆಗೇ ಹಾರಿಹೋದಾರು ಎಂದು ದರ್ಜಿಯೇ ತಮಾಷೆ ಮಾಡುತ್ತಿದ್ದ. ನಿನ್ನೆ ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಇಂದು ಬೆಳಿಗ್ಗೆ ಅವರನ್ನು ಮಂಚದಿಂದ ಪೆಟ್ಟಿಗೆಗೆ ಇಳಿಸಲು ಇಬ್ಬರು ಹೆಂಗಸರೇ ಸಾಕಾಗಿದ್ದರು.

ಎಲ್ಲರೂ ಅವರ ಗಂಡನ ಕಡೆ ನೋಡಿದರು. ಮನೆಯ ಮುಂಭಾಗದಲ್ಲೇ ಅವರದು ತಕ್ಕಡಿ ರಿಪೇರಿಯ ಅಂಗಡಿ. ಊರಿನ ಅಂಗಡಿಗಳ ತೂಕವೆಲ್ಲ ಅವರ ಕೈಯಲ್ಲೇ ಸರಿಯಾಗುತ್ತಿದ್ದುದರಿಂದ ಜನ ಅವರನ್ನು ತಕ್ಕಡಿಯಪ್ಪ ಎನ್ನುತ್ತಿದ್ದರು. ಗೋಡೆಗೆ ಒರಗಿ ನಿಂತಿದ್ದ ತಕ್ಕಡಿಯಪ್ಪ ಕಣ್ಣು ತಗ್ಗಿಸಿದರು. ಪೆಟ್ಟಿಗೆಯ ತಲೆಯ ಕಡೆ ಕೂತಿದ್ದ ಮಗಳು ಮಾತ್ರ ತಂದೆಯ ಮುಖದಿಂದ ಕಣ್ಣು ತೆಗೆಯಲಿಲ್ಲ.

*

ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಹಳೆಯ ಕಾವ್ಯಗಳ ಪಾಠ ಮಾಡುತ್ತಿದ್ದರು. ಉಪಮೆ, ರೂಪಕ ಮುಗಿದು ಅತಿಶಯೋಕ್ತಿ ಬಂತೆಂದರೆ ಗಂಟೆ ಹೊಡೆದದ್ದೂ ಅವರಿಗೆ ಕೇಳುತ್ತಿರಲಿಲ್ಲ. ಸೇನೆಯ ಕಾಲ್ದೂಳಿಗೆ ನಡುಹಗಲೇ ಇರುಳಾಯಿತು ಎಂದು ಅವರು ಓದಿದರೆ ಮುಂದಿನ ಬೆಂಚಿನವರು ಕಿಟಕಿಯತ್ತ ಕಳ್ಳನೋಟ ಹಾಯಿಸುತ್ತಿದ್ದರು. ಅತಿಶಯ ಟೀಚರ್ ಎಂಬ ಹೆಸರು ಅಂಟಿಕೊಂಡದ್ದು ಹಾಗೆ.

ಒಂದು ದಿನ, ಅಗಲಿದವಳ ನಿಟ್ಟುಸಿರಿಗೆ ಇಡೀ ತೋಟ ಕರಕಾದ ಪದ್ಯದಲ್ಲಿ, ಹುಡುಗಿಯೊಬ್ಬಳು ಎದ್ದು ನಿಂತಳು.

"ಇದೆಲ್ಲ ಸುಳ್ಳಲ್ವಾ ಟೀಚರ್? ಉಸಿರಿಗೆ ಗಿಡ ಸುಡುತ್ತಾ?"

ಟೀಚರ್ ಸಿಟ್ಟಾಗಲಿಲ್ಲ. "ಹೋದ ವಾರ ನಿನಗೆ ಹಲ್ಲುನೋವು ಬಂದಿತ್ತಲ್ಲ, ಅಮ್ಮನ ಹತ್ರ ಏನಂದೆ?"

"ಪ್ರಾಣ ಹೋಗ್ತಿದೆ ಅಂದೆ."

"ಸುಳ್ಳು ಹೇಳಿದ್ಯಾ?"

ಹುಡುಗಿ ಯೋಚಿಸಿ ಇಲ್ಲವೆಂದು ತಲೆಯಾಡಿಸಿದಳು.

"ಅಮ್ಮ ಏನು ಮಾಡಿದ್ರು?"

"ನನ್ನ ಎತ್ಕೊಂಡು ಓಡಿದ್ರು."

"ಕವಿ ಕೇಳೋದೂ ಅಷ್ಟೇ ಕಣೇ," ಎಂದು ಟೀಚರ್ ಮುಂದಿನ ಪದ್ಯಕ್ಕೆ ಹೋದರು.

ಆ ಹುಡುಗಿ ಮುಂದೆ ಡಾಕ್ಟರಾದಳು. ಇಂದು ಬೆಳಿಗ್ಗೆ ಬಂದು, ಟೀಚರ್ ಅವರ ತಣ್ಣಗಿನ ಪಾದ ಮುಟ್ಟಿ, ಕಣ್ಣೊರೆಸಿಕೊಂಡು ತಕ್ಕಡಿಯಪ್ಪನವರನ್ನು ಕೇಳಿದ್ದಳು. ಹೀಗೆ ಹೃದಯ ನಿಲ್ಲುವ ಮುಂಚೆ ಎದೆಯ ಮೇಲೆ ಏನೋ ಹೇರಿದ ಹಾಗಾಗುತ್ತದೆ, ಮಲಗುವ ಮುಂಚೆ ಟೀಚರ್ ಏನಾದರೂ ಹೇಳಿದ್ದರೇ ಎಂದು. ಮನೆ ತುಂಬ ಜನ. ರಾತ್ರಿ ಬೇರೆ ಊರಿನಿಂದ ಬಂದಿದ್ದ ಮಗಳೂ ಅಲ್ಲೇ ಇದ್ದಳು.

"ಇಲ್ಲಮ್ಮ. ಏನೂ ಹೇಳ್ಲಿಲ್ಲ," ಎಂದಿದ್ದರು ತಕ್ಕಡಿಯಪ್ಪ.

ಪೆಟ್ಟಿಗೆಯ ಮುಚ್ಚಳ ಹಾಕಿದ್ದು ಅದಾದ ಮೇಲೆ. ಅದು ಏಳದೆ ಹೋದದ್ದೂ ಅದಾದ ಮೇಲೆಯೇ.

*

ಬೀದಿಯಿಂದ ಇನ್ನಿಬ್ಬರನ್ನು ಕರೆತಂದರು. ಆರು ಜನ ಹಿಡಿದರು. ಒಬ್ಬನ ಕುತ್ತಿಗೆಯ ನರ ಉಬ್ಬಿತು, ಇನ್ನೊಬ್ಬನ ಚಪ್ಪಲಿಯ ಬಾರು ಕಿತ್ತುಬಂತು. ಪೆಟ್ಟಿಗೆ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಕೆಳಗಿನ ಚಪ್ಪಡಿಯೊಳಗಿಂದ ಮಾತ್ರ ಹಲ್ಲು ಕಡಿದಂಥ ಸದ್ದು ಬಂತು. ಹಿಡಿದವರು ಸರಕ್ಕನೆ ಕೈ ತೆಗೆದರು. ಆಮೇಲೆ ಮಗಳೊಬ್ಬಳನ್ನು ಬಿಟ್ಟು ಯಾರೂ ಪೆಟ್ಟಿಗೆಯ ಹತ್ತಿರ ಉಳಿಯಲಿಲ್ಲ. ಊರಿನ ಬೆಳಕೇ ಹೋಯಿತು ಎಂದು ಬಂದವರಿಗೆಲ್ಲ ಹೇಳುತ್ತಿದ್ದ ಶಾಲೆಯ ಹೆಡ್ಮಿಸ್ಸು ಬಾಯಿ ಮುಚ್ಚಿಕೊಂಡು ಬಾಗಿಲ ಬಳಿ ಸರಿದರು.

ನೀರು ಕುಡಿಯುವ ನೆವದಲ್ಲಿ ತಕ್ಕಡಿಯಪ್ಪ ಅಂಗಡಿಯ ಕಡೆ ಹೋದರು. ರಿಪೇರಿಯಾದ ತಕ್ಕಡಿಗಳು ತೊಲೆಯ ಕೊಕ್ಕೆಗಳಿಗೆ ಸಾಲಾಗಿ ತೂಗುಬಿದ್ದಿದ್ದವು. ಗಾಳಿ ಇರಲಿಲ್ಲ. ಆದರೂ ತಟ್ಟೆಗಳು ಒಂದೂ ಬಿಡದೆ ಒಳಮನೆಯ ಕಡೆಗೇ ವಾಲಿಕೊಂಡಿದ್ದವು. ಅವರು ಒಂದನ್ನು ಕೈಯಿಂದ ನೆಟ್ಟಗೆ ಮಾಡಿ ಬಿಟ್ಟರು. ಅದು ನಿಧಾನವಾಗಿ, ಕತ್ತು ಹೊರಳಿಸಿ ನೋಡುವವರ ಹಾಗೆ, ಮತ್ತೆ ಪೆಟ್ಟಿಗೆಯ ಕಡೆಗೇ ವಾಲಿತು.

*

ಮದುವೆಯಾದ ಹೊಸತರಲ್ಲಿ ಟೀಚರ್ ಒಂದು ಸಂಜೆ, ನಿಮ್ಮ ಮೇಲೆ ಲೋಕದಷ್ಟು ಪ್ರೀತಿ ಎಂದಿದ್ದರು. ಅಂಥ ಮಾತನ್ನು ಜನ್ಮದಲ್ಲಿ ಕೇಳದ ತಕ್ಕಡಿಯಪ್ಪ ನಾಚಿಕೊಂಡು, "ಎಷ್ಟು ಕೇಜಿ?" ಎಂದುಬಿಟ್ಟರು. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅದು ಮನೆಯ ಮಾತಾಯಿತು. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ ಎಂದರೂ ಎಷ್ಟು ಕೇಜಿ, ತಲೆ ಸಾವಿರ ಹೋಳಾಗುತ್ತಿದೆ ಎಂದರೂ ಎಷ್ಟು ಕೇಜಿ. ಮಗಳು ಮಾತು ಕಲಿತ ಮೇಲೆ ಅವಳೂ ಸೇರಿಕೊಂಡಳು. ಟೀಚರ್ ಪ್ರತಿ ಸಲವೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ನಿನ್ನೆ ಊಟವಾದ ಮೇಲೆ ತಕ್ಕಡಿಯಪ್ಪ ದಿನಸಿ ಅಂಗಡಿಯ ತಕ್ಕಡಿಯೊಂದರ ಮುಳ್ಳು ತಿದ್ದುತ್ತಿದ್ದರು. ಬೆನ್ನ ಹಿಂದಿನ ಬಾಗಿಲಲ್ಲಿ ಟೀಚರ್ ಬಂದು ನಿಂತರು.

"ಎದೆ ಮೇಲೆ ಬೆಟ್ಟ ಕೂತಿದೆ ರೀ," ಎಂದರು.

"ಎಷ್ಟು ಕೇಜಿ?" ಎಂದರು ಇವರು, ಮುಳ್ಳಿನಿಂದ ಕಣ್ಣೆತ್ತದೆ.

ನಗು ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನ ಮಂಚ ಕಿರುಗುಟ್ಟಿತು. ಮುಳ್ಳು ನಡುವಿಗೆ ಬಂದು ನಿಲ್ಲುವವರೆಗೂ ಅವರು ಎದ್ದು ಹೋಗಲಿಲ್ಲ.

*

ತಕ್ಕಡಿಯಪ್ಪ ಒಳಗೆ ಬಂದು ಪೆಟ್ಟಿಗೆಯ ಪಕ್ಕ ಮಂಡಿಯೂರಿದರು. ಹೋಗುವುದೋ ಕೂರುವುದೋ ತಿಳಿಯದೆ ಜನ ಹಾಗೇ ನಿಂತಿದ್ದರು.

"ಹೇಳಿದ್ಲು," ಎಂದರು ಅವರು, ಮುಚ್ಚಳದ ಮೇಲೆ ಕೈಯಿಟ್ಟು. "ಎದೆ ಮೇಲೆ ಬೆಟ್ಟ ಕೂತಿದೆ ಅಂತ ನನಗೆ ಹೇಳಿದ್ಲು."

ಡಾಕ್ಟರ್ ಮುಖ ತಿರುಗಿಸಿದಳು. ಮಗಳು ಕೂತಲ್ಲಿಂದಲೇ ಕೇಳಿದಳು. ಧ್ವನಿ ಏರಲಿಲ್ಲ.

"ಎಷ್ಟು ಕೇಜಿ ಅಂದ್ಯಾ ಅಪ್ಪ?"

"ಅಂದೆ."

"ಅಮ್ಮ ನಕ್ಕಳಾ?"

"ಇಲ್ಲ."

"ಆಗಲೂ ಏಳ್ಲಿಲ್ವಾ ನೀನು?"

ಅವರು ಇಲ್ಲವೆಂದು ತಲೆಯಾಡಿಸಿದರು. ಮಗಳು ತುಂಬ ಹೊತ್ತು ಅವರನ್ನೇ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಆದರೆ ಫೋನಿನಲ್ಲಿ ಅಮ್ಮ ಹಾಗೆ ಹೇಳಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಆಮೇಲೆ ಎದ್ದು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಲೆಯ ಕಡೆಯ ಹಿಡಿಕೆಗೆ ಕೈ ಹಾಕಿದಳು.

"ಆ ಕಡೆ ಹಿಡ್ಕೋ," ಎಂದಳು.

ತಕ್ಕಡಿಯಪ್ಪ ಹಿಡಿದರು. ಕಾಲ ಕಡೆಗೆ ದರ್ಜಿ ಮತ್ತು ಬಡಗಿ ಬಂದರು. ಭಾರಕ್ಕೆಂದು ಉಸಿರು ಬಿಗಿಹಿಡಿದು ಬಗ್ಗಿದ ಬಡಗಿ ಎತ್ತಿದ ರಭಸಕ್ಕೆ ಹಿಂದಕ್ಕೆ ವಾಲಿ ಬೀಳುವುದರಲ್ಲಿದ್ದ. ಪೆಟ್ಟಿಗೆ ಹತ್ತಿಯ ಹಾಗೆ ಹಗುರವಾಗಿ ಮೇಲೆ ಬಂದಿತ್ತು. ಸ್ಮಶಾನ ತಲುಪುವವರೆಗೂ ಹೆಗಲು ಬದಲಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

*

ಸಂಜೆ ಎಲ್ಲರೂ ಹೋದ ಮೇಲೆ ತಕ್ಕಡಿಯಪ್ಪನವರ ತಂಗಿ ಮಲಗುವ ಕೋಣೆ ಗುಡಿಸಲು ಹೋದಳು. ಮಂಚ ಸರಿಸಲು ಎಳೆದಳು, ಬರಲಿಲ್ಲ. "ಅಣ್ಣ, ಸ್ವಲ್ಪ ಬಾ," ಎಂದು ಕರೆದಳು. ಆ ದನಿ ಕೇಳಿ ಮಗಳೂ ಎದ್ದು ಬಂದಳು.

ಜೋತುಬಿದ್ದ ಹೊದಿಕೆ ಎತ್ತಿ ನೋಡಿದರೆ, ಟೀಚರ್ ಮಲಗುತ್ತಿದ್ದ ಪಕ್ಕದ ಮಂಚದ ಕಾಲುಗಳೆರಡೂ ಕಲ್ಲಿನ ನೆಲದೊಳಗೆ ಇಳಿದಿದ್ದವು. ಸುತ್ತ ಒಂದು ಬಿರುಕೂ ಇರಲಿಲ್ಲ. ಹಸಿ ಮಣ್ಣಿನಲ್ಲಿ ಊರಿದಷ್ಟು ನಯವಾಗಿ ಇಳಿದಿದ್ದವು. ತಕ್ಕಡಿಯಪ್ಪ ಮತ್ತು ಮಗಳು ಸೇರಿ ಒಂದು ಕಾಲನ್ನು ಮೇಲಕ್ಕೆ ಕಿತ್ತರು. ತಕ್ಕಡಿಯಪ್ಪ ನೆಲಕ್ಕೆ ಕೂತು ಕಲ್ಲಿನ ಆ ಗುಳಿಯೊಳಗೆ ಬೆರಳು ಇಳಿಬಿಟ್ಟರು. ಬೆರಳು ಬುಡದವರೆಗೂ ಹೋಯಿತು, ತಳ ಸಿಗಲಿಲ್ಲ. ಒಳಗೆ ಕಲ್ಲು ಇನ್ನೂ ಬೆಚ್ಚಗಿತ್ತು.